ಮಡಿಕೆಯಲ್ಲಿ ಉಳಿಸಿದ ಬಟ್ಟೆ

ಶಂಕರಪುರವೆಂದೊಡನೆ ನೆನಪಾಗುವುದು ಮಲ್ಲಿಗೆ. ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕವಿಡುವ ಊರಿದು. ಹೂವು ಮಾರುಕಟ್ಟೆಗೆ ಹೋದ ಬಳಿಕ, ನಮ್ಮ ಮನೆಯಲ್ಲಿ ಅದೇ ಬೆರಳುಗಳು ಸೂಜಿ ಹಿಡಿಯುತ್ತಿದ್ದವು.

ತಾಯಿಯವರು ಹಳೆಯ ನೂಲಿನ ಸೀರೆಗಳಿಂದ ನಮಗೆ ಅಂಗಿ, ಲಂಗಗಳನ್ನು ಹೊಲಿಯುತ್ತಿದ್ದರು. ರೇಷ್ಮೆಯನ್ನು ಮುಟ್ಟುತ್ತಿರಲಿಲ್ಲ; ಹುಳುವನ್ನು ಕುದಿಸಿ ತೆಗೆದ ಎಳೆ ಮಕ್ಕಳ ಮೈಗೆ ಸಲ್ಲದೆಂಬುದು ಅವರ ನಿಲುವು. ಬಟ್ಟೆಯ ಅಂಚನ್ನು ಕತ್ತರಿಸದೆ ಎರಡು ಅಂಗುಲ ಒಳಕ್ಕೆ ಮಡಿಸುತ್ತಿದ್ದರು. ನಾವು ಬೆಳೆದಂತೆ ಹೊಲಿಗೆ ಬಿಚ್ಚಿ ಮಡಿಕೆಯನ್ನು ಇಳಿಸುವರು. ಇಳಿಸಿದೆಡೆ ಬಣ್ಣ ಮಾಸದ ಪಟ್ಟಿಯೊಂದು ಕಾಣುತ್ತಿತ್ತು. ಅದೇ ಆ ವರ್ಷದ ನಮ್ಮ ಬೆಳವಣಿಗೆ.

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಆದಿನಾಥನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಬೋಧಿಸುತ್ತಾನೆ. ಹೊಲಿಗೆಯೂ ಶಿಲ್ಪವೇ. ಆದರೆ ಅದೇ ಆದಿನಾಥನು ಮುಂದೆ ವಸ್ತ್ರವನ್ನೂ ತ್ಯಜಿಸಿದನು. ಅವನ ಮಗ ಬಾಹುಬಲಿಯ ಮೂರ್ತಿ ನಮ್ಮ ಕಾರ್ಕಳದ ಬೆಟ್ಟದ ಮೇಲೆ 1432ರಿಂದ ದಿಗಂಬರವಾಗಿ ನಿಂತಿದೆ. ಹಾಗಾದರೆ ತಾಯಿಯ ಹೊಲಿಗೆ ಬರಿಯ ಮೋಹವೇ?

ಅಲ್ಲವೆಂದೇ ನನ್ನ ತಿಳಿವು. ಮುನಿಗೆ ಅಪರಿಗ್ರಹ ಮಹಾವ್ರತ. ಶ್ರಾವಕನಿಗೆ ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವ ಅಣುವ್ರತ. ಒಂದೇ ಅಂಗಿಯಲ್ಲಿ ಮೂರು ವರ್ಷ ಕಳೆಯುವಂತೆ ಅಳೆದು ಹೊಲಿದವರು ಆ ಮಿತಿಯನ್ನು ಬಲ್ಲವರು. ಇಂದಿನ ಎಷ್ಟೋ ಸಿದ್ಧ ಉಡುಪುಗಳಲ್ಲಿ ಬಿಚ್ಚಲು ಮಡಿಕೆಯಿಲ್ಲ. ಮಗು ಬೆಳೆದರೆ ಬೇರೆಯದನ್ನೇ ಕೊಳ್ಳಬೇಕು. ವ್ರತದ ಹೆಸರನ್ನು ನಾನು ಗ್ರಂಥದಲ್ಲಿ ಓದಿದ್ದು ಬಹಳ ತಡವಾಗಿ. ಅದರ ಆಚರಣೆಯನ್ನು ಬಾಲ್ಯದಲ್ಲೇ ತೊಟ್ಟಿದ್ದೆ.