ತಿಲೋನಿಯಾ: ಅಜ್ಜಿಯರು ವಿದ್ಯುತ್ತು ಕಲಿತ ಊರು

ಜಯಪುರದಿಂದ ಅಜ್ಮೀರಕ್ಕೆ ಹೊರಟ ರೈಲುಗಾಡಿ ಫುಲೇರಾ ಜಂಕ್ಷನ್ನನ್ನು ದಾಟಿದ ಬಳಿಕ ದಾರಿಯ ಇಕ್ಕೆಲಗಳಲ್ಲೂ ಒಣ ಬಯಲು ಹರಡಿಕೊಳ್ಳುತ್ತದೆ. ಸಾಂಭರ ಸರೋವರದ ಉಪ್ಪಿನ ಹರಹು ಅಲ್ಲಿಂದ ದೂರವಿಲ್ಲ. ಮುಂದೆ ಸಂತ ದಾದೂ ದಯಾಳರು ದೇಹವಿಟ್ಟ ನರೈನಾ; ಅದರಾಚೆ, ಅಮೃತಶಿಲೆಯ ವ್ಯಾಪಾರಕ್ಕೂ ನೀಳಗಣ್ಣಿನ 'ಬಣೀ ಠಣೀ' ಚಿತ್ರಕ್ಕೂ ಹೆಸರಾದ ಕಿಶನ್‌ಗಢ. ಇವೆರಡರ ನಡುವೆ, ವೇಗದ ಗಾಡಿಗಳು ಕಣ್ಣೆತ್ತಿಯೂ ನೋಡದೆ ಓಡಿಹೋಗುವ ಪುಟ್ಟ ನಿಲ್ದಾಣವೊಂದುಂಟು. ಅದೇ ತಿಲೋನಿಯಾ.

ಪ್ರವಾಸಿಗೆ ತೋರಿಸಲು ಈ ಊರಿನಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಆದರೂ ಸಿಯೆರಾ ಲಿಯೋನಿನಿಂದ, ಗ್ಯಾಂಬಿಯಾದಿಂದ, ತಾಂಜಾನಿಯಾದಿಂದ, ಸಾಗರವನ್ನು ಅದುವರೆಗೆ ಕಂಡೇ ಇರದ ಎಷ್ಟೋ ಮಂದಿ ಅಜ್ಜಿಯರು ಇದನ್ನು ಹುಡುಕಿಕೊಂಡು ಬಂದದ್ದುಂಟು. ಬಂದದ್ದು ತೀರ್ಥಯಾತ್ರೆಗಲ್ಲ, ಬಿಸಿಲಿನಿಂದ ವಿದ್ಯುತ್ತನ್ನು ಪಡೆದು ದೀಪ ಹೊತ್ತಿಸುವ ಕೆಲಸವನ್ನು ಕಲಿಯುವುದಕ್ಕೆ.

ಇಲ್ಲಿಯ ಸಂಸ್ಥೆಯನ್ನು ೧೯೭೨ರಲ್ಲಿ ಸ್ಥಾಪಿಸಿದವರು ಬಂಕರ್ ರಾಯ್. ಡೂನ್ ಶಾಲೆಯಲ್ಲೂ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲೂ ಓದಿ, ಸ್ಕ್ವಾಷ್ ಆಟದಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಈ ತರುಣನಿಗೆ ದೊಡ್ಡ ಹುದ್ದೆಯ ಬಾಗಿಲು ತೆರೆದೇ ಇತ್ತು. ೧೯೬೦ರ ದಶಕದ ಬಿಹಾರ ಕ್ಷಾಮವನ್ನು ಕಣ್ಣಾರೆ ಕಂಡಮೇಲೆ ಆತನ ಮನಸ್ಸು ತಿರುಗಿತು. ಕೆಲವು ವರ್ಷ ಬಾವಿ ತೋಡುವ ಕೆಲಸ ಮಾಡಿ, ಕಡೆಗೆ ತಿಲೋನಿಯಾದಲ್ಲಿ, ಹಿಂದೆ ಕ್ಷಯರೋಗಿಗಳ ಆರೋಗ್ಯಧಾಮವಾಗಿದ್ದ ಪಾಳು ಕಟ್ಟಡಗಳಲ್ಲಿ ನೆಲೆನಿಂತರು. ಸಂಸ್ಥೆಯ ವಿಧಿವತ್ತಾದ ಹೆಸರು ಬೇರೆ. ಲೋಕ ಬಲ್ಲದ್ದು ಬೇರ್‌ಫುಟ್ ಕಾಲೇಜೆಂದು, ಎಂದರೆ ಬರಿಗಾಲಿನವರ ಕಾಲೇಜೆಂದು.

೧೯೮೬ರಿಂದ ೧೯೮೯ರವರೆಗೆ ಕಟ್ಟಿದ ಹೊಸ ಆವರಣದ ವಿಶೇಷವೇ ಬೇರೆ. ಓದುಬರಹವಿಲ್ಲದ ರೈತನೊಬ್ಬನೂ ಹಳ್ಳಿಯ ಗಾರೆಯವರೂ ಅದನ್ನು ಎಬ್ಬಿಸಿದರೆ, ಛಾವಣಿ ಸೋರದಂತೆ ಗಚ್ಚು ಅರೆದವರು ಹೆಂಗಸರು. ಬೆಲ್ಲ ಬೆರೆಸಿದ ಆ ಗಾರೆಯ ಹದವನ್ನು ಅವರು ಗಂಡಸರಿಗೆ ಬಿಟ್ಟುಕೊಡಲಿಲ್ಲವಂತೆ! ಛಾವಣಿಗಳ ಮೇಲೆ ಬಿದ್ದ ಮಳೆಯ ನೀರೆಲ್ಲ ನೆಲದಡಿಯ ನಾಲ್ಕು ಲಕ್ಷ ಲೀಟರಿನ ತೊಟ್ಟಿಗೆ ಇಳಿಯುವ ಏರ್ಪಾಡಿದೆ. ಮಳೆ ಅಪರೂಪವಾದ ಈ ಸೀಮೆಯಲ್ಲಿ ಬಿಸಿಲಿಗೆ ಮಾತ್ರ ಬರವಿಲ್ಲ. ಹಗಲೆಲ್ಲ ಆಡು ಮೇಯಿಸಿ ಬಂದ ಮಕ್ಕಳಿಗಾಗಿ ಸುತ್ತಲ ಹಳ್ಳಿಗಳಲ್ಲಿ ರಾತ್ರಿಶಾಲೆಗಳನ್ನು ತೆರೆದಾಗ, ಆ ಬಿಸಿಲನ್ನೇ ಹಿಡಿದಿಟ್ಟು ಪಾಠಕ್ಕೆ ಬೆಳಕಾಗಿಸುವ ಆಲೋಚನೆಗೆ ಬೆಲೆ ಬಂದಿತು. ೧೯೮೦ರ ದಶಕದಲ್ಲಿ ಮೊದಲಾದ ಈ ಸೌರವಿದ್ಯುತ್ತಿನ ಕೆಲಸವನ್ನು ಮೊದಲು ಕಲಿತವರು ಸುತ್ತಮುತ್ತಲ ಹಳ್ಳಿಗರು. ಮುಂದೆ ದೂರದವರಿಗೆ ಕಲಿಸಿದವರಲ್ಲಿಯೂ ಅನೇಕರು ಅವರೇ.

೨೦೦೮ರಿಂದ ಭಾರತ ಸರ್ಕಾರದ ವಿದೇಶಾಂಗ ಇಲಾಖೆಯು ವಿಮಾನದ ವೆಚ್ಚವನ್ನೂ ಶಿಕ್ಷಣದ ವೆಚ್ಚವನ್ನೂ ವಹಿಸಿಕೊಂಡದ್ದರಿಂದ ಹೊರದೇಶಗಳ ಹೆಂಗಸರು ತಂಡತಂಡವಾಗಿ ಬರುವಂತಾಯಿತು. ಅವಧಿ ಆರು ತಿಂಗಳು. ಒಂದು ಮೇಜಿನ ಸುತ್ತ ನಾಲ್ಕು ದೇಶದವರು ಕುಳಿತರೆ ನಾಲ್ಕು ಭಾಷೆ. ಕಲಿಸುವಾಕೆಯದು ರಾಜಸ್ಥಾನದ ಆಡುಮಾತು. ಬಹುಮಂದಿಗೆ ತಮ್ಮ ಭಾಷೆಯ ಅಕ್ಷರವೂ ತಿಳಿಯದು. ಹೀಗಿರುವಲ್ಲಿ ವಿದ್ಯುತ್ ಶಾಸ್ತ್ರವನ್ನು ಹೇಳಿಕೊಡುವುದು ಹೇಗೆ?

ಬಣ್ಣಗಳಿಂದ, ಕೈಸನ್ನೆಯಿಂದ, ಚಿತ್ರಗಳಿಂದ. ವಿದ್ಯುತ್ತಿನ ಹರಿವನ್ನು ತಡೆಯುವ ರೆಸಿಸ್ಟರೆಂಬ ಬಿಡಿಭಾಗವು ಜೋಳದ ಕಾಳಿಗಿಂತ ಹೆಚ್ಚು ದೊಡ್ಡದಲ್ಲ. ಅದರ ಮೈಮೇಲಿನ ಬಣ್ಣದ ಪಟ್ಟೆಗಳೇ ಅದರ ಬೆಲೆಯನ್ನು ಹೇಳುತ್ತವೆ. ಕಂದು, ಕಪ್ಪು, ಕೆಂಪು ಎಂದರೆ ಸಾವಿರ ಓಮ್; ಕೆಂಪಿನ ಜಾಗದಲ್ಲಿ ಕಿತ್ತಳೆ ಬಂದರೆ ಹತ್ತು ಸಾವಿರ. ಇಂಜಿನಿಯರಿಂಗ್ ಕಾಲೇಜಿನ ಹುಡುಗನು ಇದನ್ನು ಸೂತ್ರವಾಗಿ ಉರುಹೊಡೆಯುತ್ತಾನೆ. ಅಜ್ಜಿಗೆ ಸೂತ್ರ ಬೇಡ. ಮಣಿಸರ ಪೋಣಿಸುವಾಗ ಯಾವ ಮಣಿಯ ಪಕ್ಕದಲ್ಲಿ ಯಾವುದೆಂದು ಬಲ್ಲ ಕಣ್ಣು ಇಲ್ಲಿಯೂ ತಪ್ಪುವುದಿಲ್ಲ.

ಬೆಸುಗೆಯ ಪಾಠ ಇನ್ನೂ ನಾಜೂಕಾದದ್ದು. ಸೀಸ ತವರಗಳ ತಂತಿ ಸುಮಾರು ೧೯೦ ಡಿಗ್ರಿ ಶಾಖಕ್ಕೆ ಕರಗುತ್ತದೆ. ಕಾದ ಕಡ್ಡಿಯನ್ನು ಬೇಗ ತೆಗೆದರೆ ಬೆಸುಗೆ ಮಂಕಾಗಿ, ಕೂಡಿದಂತೆ ಕಂಡರೂ ಕೂಡಿರುವುದಿಲ್ಲ. ತಡಮಾಡಿದರೆ ಬಿಡಿಭಾಗವೇ ಸುಟ್ಟೀತು. ಸರಿಯಾದ ಬೆಸುಗೆ ಹೊಳೆಯುತ್ತದೆ. ಗಡಿಯಾರ ನೋಡದೆ, ಎರಡು ಬೆರಳುಗಳ ನಡುವೆ ಎಳೆ ಬಂದಿತೋ ಇಲ್ಲವೋ ಎಂದು ಬೆಲ್ಲದ ಪಾಕವನ್ನು ಇಳಿಸುವ ಕನ್ನಡ ನಾಡಿನ ಅಜ್ಜಿಗೆ ಈ ಹದವನ್ನು ವಿವರಿಸಿ ಹೇಳಬೇಕಾದದ್ದಿಲ್ಲ.

ಈ ವಿದ್ಯೆಯ ಹೃದಯವೆಂದರೆ ಚಾರ್ಜ್ ಕಂಟ್ರೋಲರ್ ಎಂಬ ಸಣ್ಣ ಪೆಟ್ಟಿಗೆ. ಬ್ಯಾಟರಿಯನ್ನು ಕೆರೆಯೆಂದೂ ಬಿಸಿಲಿನ ಫಲಕವನ್ನು ಅದಕ್ಕೆ ನೀರು ತರುವ ಹಳ್ಳವೆಂದೂ ಭಾವಿಸಿದರೆ, ಈ ಪೆಟ್ಟಿಗೆ ಆ ಕೆರೆಯ ಕೋಡಿಯೂ ಹೌದು, ತೂಬೂ ಹೌದು. ಕೆರೆ ತುಂಬಿದ ಮೇಲೂ ಹಳ್ಳ ಹರಿಯುತ್ತಿದ್ದರೆ ಬ್ಯಾಟರಿಯ ನೀರು ಕುದಿದು ಆರುತ್ತದೆ. ತಳ ಕಾಣುವವರೆಗೆ ಬಸಿದರೆ ಒಳಗಿನ ಸೀಸದ ಹಲಗೆಗಳು ಕೆಡುತ್ತವೆ. ೧೨ ವೋಲ್ಟಿನ ಬ್ಯಾಟರಿ ೧೧ರ ಸಮೀಪಕ್ಕೆ ಇಳಿದಾಗ ದೀಪದ ದಾರಿಯನ್ನು ಪೆಟ್ಟಿಗೆ ತಾನೇ ಕಡಿಯಬೇಕು. ಇದನ್ನು ತನ್ನ ಕೈಯಾರೆ ಜೋಡಿಸಿ, ಮೀಟರಿನ ಮುಳ್ಳುಗಳನ್ನಿಟ್ಟು ಪರೀಕ್ಷಿಸಿ, ಕೆಟ್ಟರೆ ಬಿಚ್ಚಿ ದೋಷವನ್ನು ಹುಡುಕಬಲ್ಲವಳು ಕಲಿತವಳೆಂದು ಲೆಕ್ಕ. ಬೇರೆ ಪರೀಕ್ಷೆಯಿಲ್ಲ, ಪ್ರಮಾಣಪತ್ರವೂ ಇಲ್ಲ.

ಪ್ರಮಾಣಪತ್ರ ಕೊಡದಿರುವುದು ಔದಾಸೀನ್ಯದಿಂದಲ್ಲ. ಹಳ್ಳಿಯ ತರುಣನಿಗೆ ಕಾಗದವೊಂದನ್ನು ಕೊಟ್ಟೊಡನೆ ಆತ ಅದನ್ನು ಜೇಬಿನಲ್ಲಿಟ್ಟುಕೊಂಡು ಪಟ್ಟಣದ ಬಸ್ಸು ಹತ್ತುತ್ತಾನೆಂಬುದು ರಾಯರ ಅನುಭವ. ಮೊಮ್ಮಕ್ಕಳನ್ನು ಬಿಟ್ಟು ಅಜ್ಜಿ ಎಲ್ಲಿಗೆ ಹೋದಾಳು? ಆದ್ದರಿಂದ ಮೂವತ್ತೈದಕ್ಕೂ ಐವತ್ತಕ್ಕೂ ನಡುವಿನ ಹೆಂಗಸರನ್ನೇ ಅವರು ಕೇಳಿ ತರಿಸಿಕೊಂಡರು. ಪದವಿಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಪಟ್ಟಣವಾಸಿಗಳಿಗೆ ಈ ಕ್ರಮ ವಿಚಿತ್ರವಾಗಿ ತೋರಬಹುದು. ಗಂಡಸರ ವಿಷಯದಲ್ಲಿ ಈ ತೀರ್ಪು ತುಸು ಕಠಿಣವಾಯಿತೆಂದೂ, ಹೆಣ್ಣು ಊರು ಬಿಡಲಾರಳೆಂಬ ನಂಬಿಕೆಯ ಮೇಲೆಯೇ ಈ ಲೆಕ್ಕಾಚಾರ ನಿಂತಿದೆಯೆಂದೂ ಯಾರಾದರೂ ಆಕ್ಷೇಪಿಸಿದರೆ ಅದನ್ನು ತಳ್ಳಿಹಾಕುವಂತಿಲ್ಲ.

ವಾಸ್ತವವಾಗಿ ಊರು ಬಿಡುವುದೇ ಇವರಿಗೆ ಮೊದಲ ಪರೀಕ್ಷೆ. ೨೦೧೨ರಲ್ಲಿ ತೆರೆಕಂಡ 'ರಫಿಯಾ: ಸೋಲಾರ್ ಮಾಮಾ' ಎಂಬ ಸಾಕ್ಷ್ಯಚಿತ್ರವನ್ನು ನೋಡಿದವರಿಗೆ ಇದರ ಬಿಸಿ ತಟ್ಟಿರುತ್ತದೆ. ಜೋರ್ಡಾನ್ ದೇಶದ ಬೆಡೋವಿನ್ ಗೃಹಿಣಿಯಾದ ರಫಿಯಾ ಅಜ್ಜಿಯಲ್ಲ, ಹೆಣ್ಣುಮಕ್ಕಳ ತಾಯಿ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟವಳು. ತಿಲೋನಿಯಾಕ್ಕೆ ಬಂದು ಪಾಠದಲ್ಲಿ ಕೈ ಕುದುರುತ್ತಿರುವಾಗಲೇ, ಮನೆಗೆ ಬಾರದಿದ್ದರೆ ಮಕ್ಕಳನ್ನು ಕಸಿದುಕೊಳ್ಳುವೆನೆಂದು ಗಂಡನ ಬೆದರಿಕೆ ಬಂದಿತು. ಆಕೆ ಹಿಂದಿರುಗಿದಳು. ಕಲಿಕೆ ಅಲ್ಲಿಗೇ ಮುಗಿದಿದ್ದರೆ ಯಾರಿಗೂ ಅಚ್ಚರಿಯಾಗುತ್ತಿರಲಿಲ್ಲ. ಆದರೆ ಮನೆಯವರೊಡನೆ ವಾದಿಸಿ, ಗಂಡನ ಕೋಪವನ್ನು ತಲೆಯ ಮೇಲೆ ಹೊತ್ತು, ಬಿಟ್ಟ ಮೇಜಿಗೆ ಆಕೆ ಮತ್ತೆ ಬಂದು ಕುಳಿತು ಕಲಿಕೆಯನ್ನು ಪೂರೈಸಿದಳು. ಮೊದಲ ಸಲ ಹೊರಟಾಗ ಎದುರಿಗಿದ್ದದ್ದು ಏನೆಂದು ತಿಳಿಯದ ಭಯ. ಎರಡನೆಯ ಸಲ ಎಲ್ಲವನ್ನೂ ತಿಳಿದೇ ಹೊರಟದ್ದು. ದೊಡ್ಡ ವಯಸ್ಸಿನಲ್ಲಿ ಪಾಠಕ್ಕೆ ಕುಳಿತವರಿಗೆ ಗಣಿತಕ್ಕಿಂತ ಮನೆಯೇ ಕಷ್ಟವಾದ ವಿಷಯ.

ಕಲಿತವಳು ಊರು ಸೇರಿದರೂ ದೀಪ ಅಂದೇ ಹೊತ್ತುವುದಿಲ್ಲ. ಫಲಕ, ಬ್ಯಾಟರಿ, ತಂತಿಗಳು ಹಡಗಿನಲ್ಲಿ ಸಾಗಿ, ಸುಂಕದ ಕಟ್ಟೆ ದಾಟಿ, ಕಚ್ಚಾ ರಸ್ತೆಯಲ್ಲಿ ಹಳ್ಳಿಯನ್ನು ಮುಟ್ಟಬೇಕು. ಬರೆದಿಟ್ಟುಕೊಂಡ ಟಿಪ್ಪಣಿಯಿಲ್ಲದ ಆಕೆ ಅದುವರೆಗೆ ಕಲಿತದ್ದನ್ನು ಬೆರಳುಗಳಲ್ಲೇ ಉಳಿಸಿಕೊಳ್ಳಬೇಕು. ಈ ವ್ಯವಸ್ಥೆಯ ದುರ್ಬಲ ಕೊಂಡಿ ಇದೇ ಎನ್ನಬೇಕು: ಕೈ ಪಳಗಿದ್ದರೂ ಬಿಡಿಭಾಗ ಸಿಕ್ಕದಿದ್ದರೆ ದೀಪ ಕತ್ತಲೆಯೇ.

ಇದಕ್ಕಾಗಿಯೇ ಮೊದಲಿನಿಂದಲೂ ಒಂದು ಕಟ್ಟುಪಾಡುಂಟು. ಹಳ್ಳಿಯವರು ಸಭೆ ಸೇರಿ ಸಮಿತಿಯೊಂದನ್ನು ಮಾಡಿಕೊಳ್ಳುತ್ತಾರೆ; ಸೀಮೆಎಣ್ಣೆಗೋ ಮೇಣದ ಬತ್ತಿಗೋ ಮುಂಚೆ ವೆಚ್ಚವಾಗುತ್ತಿದ್ದಷ್ಟು ಹಣವನ್ನು ದೀಪ ಪಡೆದ ಪ್ರತಿ ಮನೆಯೂ ತಿಂಗಳು ತಿಂಗಳಿಗೆ ಸಮಿತಿಗೆ ಕೊಡುತ್ತದೆ. ಅದರಲ್ಲಿ ಬಿಡಿಭಾಗಗಳ ಖರ್ಚೂ ಕಲಿತು ಬಂದವಳ ಸಂಬಳವೂ ನಡೆಯಬೇಕು. ಆಕೆಗೆ ಊರಿನಲ್ಲೇ ರಿಪೇರಿಯ ಕೊಠಡಿಯೊಂದನ್ನು ಬಿಟ್ಟುಕೊಡುತ್ತಾರೆ. ಮೇಜು, ಬೆಸುಗೆಯ ಕಡ್ಡಿ, ಮೀಟರು, ಬಣ್ಣದ ಪಟ್ಟೆಗಳನ್ನು ತೋರಿಸುವ ಚಿತ್ರಪಟ. ಮಂಕಾದ ಲಾಂದ್ರವನ್ನು ಹಿಡಿದು ಮೊದಲು ಬರುವವರು ಹೆಚ್ಚಾಗಿ ನೆರೆಮನೆಯವರೇ.