ಗಾಲಿಯಲ್ಲಿ ಉಳಿದ ಬೆಳಕು

ಗುಜರಿಯವನು ಬಂದಾಗ ನಾನು ಅಂಗಳದಲ್ಲಿ ಅಡಿಕೆ ಹರವುತ್ತಿದ್ದೆ. ಅವನು ಕೊಟ್ಟಿಗೆಯ ಮೂಲೆಗೆ ಕಣ್ಣು ಹಾಯಿಸಿ, ಸಿಪ್ಪೆಚೀಲಗಳ ಅಡಿಯಿಂದ ಇಣುಕುತ್ತಿದ್ದ ಗಾಲಿಯೊಂದನ್ನು ಕಂಡು, ಹಳೆ ಕಾಲದ ಪಂಡಿತರು ನಾಡಿ ಹಿಡಿದು ನೋಡುವಂತೆ ಅದರ ಮೇಲೆ ಎರಡು ಬೆರಳಿಟ್ಟ. "ಬೀಡು ಕಬ್ಬಿಣ. ಮೂರು ಕ್ವಿಂಟಾಲ್ ಮೇಲೆ ತೂಗ್ತದೆ. ಕೊಟ್ಟುಬಿಡಿ ಮಾರಾಯ್ರೇ, ಜಾಗವಾದ್ರೂ ಆಗ್ತದೆ" ಎಂದ.

ಮನೆಯವಳು ಅಡುಗೆಮನೆಯ ಕಿಟಕಿಯಿಂದಲೇ ವ್ಯವಹಾರಕ್ಕೆ ಒಪ್ಪಿಗೆ ಕೊಟ್ಟಳು. ನಾನು ಮಾತ್ರ, ಯಾಕೆಂದು ನನಗೇ ತಿಳಿಯದೆ, "ಅದು ಓಡುವ ಇಂಜಿನ್ನು, ಮಾರಾಟಕ್ಕಿಲ್ಲ" ಎಂದುಬಿಟ್ಟೆ. ಹಸಿ ಸುಳ್ಳು. ಅದು ಓಡದೆ ನಲವತ್ತು ವರ್ಷವಾಗಿತ್ತು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದು ನಿವೃತ್ತನಾದವನು ಒಂದು ಸುಳ್ಳನ್ನು ನಿಜ ಮಾಡಲು ಹೊರಟರೆ ಎಷ್ಟು ಖರ್ಚು ಬೀಳುತ್ತದೆ ಎಂಬುದು ಮುಂದಿನ ಏಳು ತಿಂಗಳಲ್ಲಿ ಗೊತ್ತಾಯಿತು.

ನಮ್ಮದು ಸಾಗರ ತಾಲ್ಲೂಕಿನ, ಶರಾವತಿ ಹಿನ್ನೀರಿಗೆ ಹತ್ತಿರದ ಒಂದು ಒಂಟಿಮನೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ಹುಟ್ಟಿಸಿದವರು ನಮ್ಮ ಸೀಮೆಗೆ ಬಂದಿದ್ದರೋ ಏನೋ. 1948ರಲ್ಲೇ ಜೋಗದಲ್ಲಿ ವಿದ್ಯುತ್ತು ತಯಾರಾಗತೊಡಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಊರು, ಗದ್ದೆ, ತೋಟ, ದೇವಸ್ಥಾನಗಳೆಲ್ಲ ನೀರಿನಡಿ ಸೇರಿದವು. ಆ ನೀರಿನಿಂದ ತಿರುಗುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಶಕ್ತಿ 1035 ಮೆಗಾವ್ಯಾಟ್. ಅದರಲ್ಲಿ ಒಂದು ವ್ಯಾಟ್ ಕೂಡ ನಮ್ಮ ಮನೆಯ ಜಗುಲಿಗೆ ಇಳಿಯಲಿಲ್ಲ. ಗುಡ್ಡದ ನೆತ್ತಿಯ ಮೇಲೆ ದೊಡ್ಡ ದೊಡ್ಡ ಕಂಬಗಳು ಕೈ ಚಾಚಿ ನಿಂತಿದ್ದವು. ಮಳೆಗಾಲದಲ್ಲಿ ತಂತಿ ಗುಂಯ್ ಎನ್ನುವುದು ಕೇಳುತ್ತಿತ್ತು. ನಾವು ಅದರ ಕೆಳಗೆ ಕೂತು ಚಿಮಣಿ ಬುಡ್ಡಿಯ ಬತ್ತಿ ಏರಿಸುತ್ತಿದ್ದೆವು.

ಅಪ್ಪಯ್ಯನಿಗೆ ಇದು ಸಹನೆಯಾಗಲಿಲ್ಲ. 1967ರಲ್ಲಿ ಅಡಿಕೆಗೆ ಒಳ್ಳೆ ರೇಟು ಬಂದಾಗ, ಅಕ್ಕಿ ಗಿರಣಿಯೊಂದು ಮಾರಿದ ಹಳೆ ಡೀಸೆಲ್ ಇಂಜಿನ್ನನ್ನು ಎತ್ತಿನಗಾಡಿಯಲ್ಲಿ ಹೇರಿಸಿಕೊಂಡು ಬಂದರು. ಗಾಲಿಗಳಿಗೇ ಬೇರೆ ಗಾಡಿ. ಹಗಲು ಹೊತ್ತು ಅದು ಭತ್ತ ಕುಟ್ಟಿ, ಹಿಟ್ಟು ಬೀಸಿ ತನ್ನ ಖರ್ಚು ತಾನು ದುಡಿಯುತ್ತಿತ್ತು. ಎರಡು ವರ್ಷದ ಮೇಲೆ ಬೆಂಗಳೂರಿನಲ್ಲಿ ತಯಾರಾದ 3 ಕೆವಿಎ ಆಲ್ಟರ್ನೇಟರ್ ಒಂದನ್ನು ತರಿಸಿ, ಪಕ್ಕದಲ್ಲಿ ಕೂರಿಸಿ, ಬೆಲ್ಟು ಹಾಕಿದರು. ಸಂಜೆ ಆರೂವರೆಯಿಂದ ಒಂಬತ್ತರ ತನಕ ಮನೆಯಲ್ಲಿ ಏಳು ಬಲ್ಬು ಉರಿಯುತ್ತಿದ್ದವು. ಹೊಗೆಕೊಳವೆಯ ತುದಿಗೆ ಕವುಚಿ ಹಾಕಿದ ತಗಡಿನ ಬಟ್ಟಲು ಇಂಜಿನ್ನಿನ ಒಂದೊಂದು ಉಸಿರಿಗೂ ಟುಕ್ ಟುಕ್ ಎಂದು ಕುಣಿಯುತ್ತಿತ್ತು. ಆ ಸದ್ದು ಕಣಿವೆ ದಾಟಿ ಎರಡು ಮೈಲಿ ಹೋಗುತ್ತಿತ್ತು. ಗಿರಣಿ ಶುರುವಾಗಿದೆ ಎಂದು ಊರಿಗೆ ಡಂಗುರ ಸಾರಲು ಬೇರೆ ಆಳು ಬೇಕಿರಲಿಲ್ಲ.

ಈ ಇಂಜಿನ್ನಿನ ಮೂಲ ಹುಡುಕುತ್ತಾ ಹೋದರೆ ಇಂಗ್ಲೆಂಡಿನ ಡರ್ಸ್ಲಿ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿ 1867ರಲ್ಲಿ ರಾಬರ್ಟ್ ಆಷ್ಟನ್ ಲಿಸ್ಟರ್ ಎಂಬಾತ ಕೃಷಿ ಉಪಕರಣಗಳ ಕಾರ್ಖಾನೆ ತೆರೆದ. ಆ ಕಂಪನಿ 1930ರ ಹೊತ್ತಿಗೆ ಒಂದು ಡೀಸೆಲ್ ಇಂಜಿನ್ ಹೊರತಂದು ಅದಕ್ಕೆ 'ಸಿಎಸ್' ಎಂದು ಹೆಸರಿಟ್ಟಿತು. ಕೋಲ್ಡ್ ಸ್ಟಾರ್ಟ್ ಎಂಬುದರ ಮೊದಲ ಅಕ್ಷರಗಳು. ಅದಕ್ಕೂ ಹಿಂದಿನ ಎಣ್ಣೆ ಇಂಜಿನ್ನುಗಳಲ್ಲಿ ಅನೇಕವನ್ನು ಹೊರಡಿಸಬೇಕಾದರೆ ತಲೆಭಾಗಕ್ಕೆ ಬ್ಲೋಲ್ಯಾಂಪ್ ಹಿಡಿದು ಕಾಯಿಸಬೇಕಿತ್ತು. ಇದಕ್ಕೆ ಹ್ಯಾಂಡಲ್ ಹೊಡೆದರೆ ಸಾಕು, ತಣ್ಣಗಿದ್ದರೂ ಏಳುತ್ತದೆ. ಒಂದೇ ಸಿಲಿಂಡರು, ಎರಡು ಭಾರದ ಗಾಲಿ, ನಿಮಿಷಕ್ಕೆ 650 ಸುತ್ತು, ಆರು ಕುದುರೆ ಶಕ್ತಿ. ಅವಸರವೆಂಬುದೇ ಇಲ್ಲದ ಈ ಯಂತ್ರ ನಮ್ಮ ದೇಶಕ್ಕೆ ಎಷ್ಟು ಒಗ್ಗಿತೆಂದರೆ, ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಅದರ ತದ್ರೂಪುಗಳನ್ನು ಎರಕ ಹೊಯ್ಯತೊಡಗಿದವು. ಡರ್ಸ್ಲಿಯಲ್ಲಿ ತಯಾರಿಕೆ ನಿಂತ ಮೇಲೂ ರಾಜಕೋಟೆಯಲ್ಲಿ ನಡೆದೇ ಇತ್ತು. ನಮ್ಮದೂ ರಾಜಕೋಟೆಯ ಕುಲದ್ದೇ.

ಡರ್ಸ್ಲಿಯವರು ಮನೆಗಳಿಗಾಗಿ 'ಸ್ಟಾರ್ಟೋಮ್ಯಾಟಿಕ್' ಎಂಬ ಜನರೇಟರನ್ನೂ ಮಾಡಿದ್ದರು. ಮನೆಯೊಳಗೆ ಯಾರಾದರೂ ಮೊದಲ ದೀಪದ ಸ್ವಿಚ್ ಒತ್ತಿದರೆ ಹೊರಗಿನ ಶೆಡ್ಡಿನಲ್ಲಿ ಇಂಜಿನ್ ತಾನೇ ಹೊರಡುತ್ತಿತ್ತು. ಕೊನೆಯ ದೀಪ ಆರಿಸಿದರೆ ತಾನೇ ನಿಲ್ಲುತ್ತಿತ್ತು. ನಮ್ಮ ಮನೆಯಲ್ಲಿ ಈ ಸ್ಟಾರ್ಟೋಮ್ಯಾಟಿಕ್ ವ್ಯವಸ್ಥೆ ಪಂಚೆ ಉಟ್ಟಿರುತ್ತಿತ್ತು. ಆರೂ ಇಪ್ಪತ್ತಕ್ಕೆ ಸಂಧ್ಯಾವಂದನೆ ಮುಗಿಸಿ, ಲಾಟೀನು ಹಿಡಿದು ಇಂಜಿನ್ ಮನೆಗೆ ನಡೆಯುತ್ತಿತ್ತು. ವಾಲ್ವ್ ಎತ್ತುವ ಲಿವರ್ ಸರಿಸಿ, ಹ್ಯಾಂಡಲ್ ಹಿಡಿದು, "ಹೆಬ್ಬೆರಳು ಹಿಡಿಗೆ ಸುತ್ತಬೇಡ, ಹೊರಗಿರಲಿ" ಎಂದು ಪಕ್ಕದಲ್ಲಿ ನಿಂತ ನನಗೆ ದಿನವೂ ಹೇಳುತ್ತಿತ್ತು. ಇಂಜಿನ್ ತಿರುಗಿಬಿದ್ದು ಹ್ಯಾಂಡಲ್ ಹಿಂದಕ್ಕೆ ಒದೆದರೆ ಒಳಗಿಟ್ಟ ಹೆಬ್ಬೆರಳು ಮುರಿಯುತ್ತದೆ. ಆರು ವರ್ಷದ ಹುಡುಗನಿಗೆ ಹ್ಯಾಂಡಲ್ ಮುಟ್ಟುವ ಅಧಿಕಾರವೇ ಇರಲಿಲ್ಲ. ಆದರೂ ಉಪದೇಶ ತಪ್ಪುತ್ತಿರಲಿಲ್ಲ.

ಆ ಬೆಳಕು ಈಗಿನ ಬೆಳಕಿನಂತಿರಲಿಲ್ಲ. ನಾಲ್ಕು ಹೊಡೆತದ ಇಂಜಿನ್ನಿಗೆ ಎರಡು ಸುತ್ತಿಗೊಮ್ಮೆ ಮಾತ್ರ ಬೆಂಕಿ. ಅಂದರೆ 650 ಸುತ್ತಿಗೆ 325 ಸಲ, ಸೆಕೆಂಡಿಗೆ ಐದಕ್ಕಿಂತ ಸ್ವಲ್ಪ ಹೆಚ್ಚು. ಒಂದೊಂದು ಹೊಡೆತಕ್ಕೂ ಬಲ್ಬು ತುಸು ಹಿಗ್ಗಿ ತುಸು ಕುಗ್ಗುತ್ತಿತ್ತು. ಇದನ್ನು ತಗ್ಗಿಸಲೆಂದೇ ದೀಪದ ಇಂಜಿನ್ನುಗಳಿಗೆ ಇನ್ನೂ ಭಾರದ ಗಾಲಿ ಹಾಕುತ್ತಾರೆ. ನಮ್ಮದು ಗಿರಣಿಯ ಗಾಲಿ. ಹಾಗಾಗಿ ಗೋಡೆಯ ಮೇಲಿನ ನಮ್ಮ ನೆರಳುಗಳೆಲ್ಲ ಸಣ್ಣಗೆ ಉಸಿರಾಡುತ್ತಿದ್ದವು.

ಒಂಬತ್ತಾಗಲು ಮೂರು ನಿಮಿಷವಿದ್ದಾಗ ಅಂಗಳದಿಂದ ಅಪ್ಪಯ್ಯನ ದನಿ ಬರುತ್ತಿತ್ತು: "ಚಿಮಣಿ ಹಚ್ಕ್ಯಳಿ, ಇಂಜಿನ್ ನಿಲ್ತು!" ಆಮೇಲೆ ಡೀಸೆಲ್ ಬಂದ್. ಟುಕ್ ಟುಕ್ ನಿಂತುಹೋಗುತ್ತಿತ್ತು. ದೀಪ ಮಾತ್ರ ಕೂಡಲೇ ಆರುತ್ತಿರಲಿಲ್ಲ. ಗಾಲಿಗಳು ತಮ್ಮ ಭಾರದಲ್ಲೇ ತಿರುಗುತ್ತಾ ಹೋಗುತ್ತಿದ್ದವು. ಬಲ್ಬು ಬಿಳಿಯಿಂದ ಹಳದಿಗೆ, ಹಳದಿಯಿಂದ ಹಣ್ಣಡಿಕೆಯ ಬಣ್ಣಕ್ಕೆ, ಅಲ್ಲಿಂದ ಬೂದಿಯೊಳಗಿನ ಕೆಂಡದ ಬಣ್ಣಕ್ಕೆ ಇಳಿದು, ಕೊನೆಗೆ ಒಂದು ಕೆಂಪು ಎಳೆಯಾಗಿ ಇಲ್ಲವಾಗುತ್ತಿತ್ತು. ಆ ಹದಿನೈದಿಪ್ಪತ್ತು ಸೆಕೆಂಡಿನಲ್ಲಿ ಆಯಿ ಹಾಲಿನ ಪಾತ್ರೆ ಮುಚ್ಚುತ್ತಿದ್ದಳು, ಅಜ್ಜ ಕನ್ನಡಕ ತೆಗೆದು ಗೂಡಿನಲ್ಲಿಡುತ್ತಿದ್ದ, ನಾನು ಲೆಕ್ಕದ ಕೊನೆಯ ಸಾಲು ಗೀಚುತ್ತಿದ್ದೆ. ಎಷ್ಟೋ ಉತ್ತರಗಳು ಆ ಕೆಂಪು ಬೆಳಕಿನಲ್ಲೇ ತಪ್ಪಾದವು.

1984ರಲ್ಲಿ ಲೈನ್ ಬಂತು. ಅಪ್ಪಯ್ಯ ಇಂಜಿನ್ನಿಗೆ ಎಣ್ಣೆ ಒರೆಸಿ, ಗೋಣಿ ಹೊದೆಸಿ ಬಾಗಿಲು ಹಾಕಿದರು. ಆಮೇಲೆ ಇಂಜಿನ್ ಮನೆ ಸೌದೆ ಮನೆಯಾಯಿತು, ಇಂಜಿನ್ನು ಕೊಟ್ಟಿಗೆಯ ಮೂಲೆ ಸೇರಿತು.

ಈಗ ಅದೇ ಇಂಜಿನ್ ಮನೆಯ ಸೌದೆ ಖಾಲಿ ಮಾಡಿಸಿ, ಒಂದು ಬೆಂಚು, ವೈಸು, ಸ್ಪ್ಯಾನರು ಸೆಟ್ಟು, ಚೈನ್ ಪುಲ್ಲಿ ಇಟ್ಟುಕೊಂಡು ನನ್ನ ವರ್ಕ್‌ಶಾಪ್ ಶುರುವಾಯಿತು. ಬಿಚ್ಚಿದಂತೆ ಬಿಚ್ಚಿದಂತೆ ಒಳಗಿನ ನಿವಾಸಿಗಳು ಹೊರಬಿದ್ದರು. ಗಾಳಿ ಎಳೆಯುವ ಬಾಯಲ್ಲಿ ಕಣಜದ ಮಣ್ಣಿನ ಗೂಡು. ಹೊಗೆಕೊಳವೆಯಲ್ಲಿ ಇಲಿ ಕೂಡಿಟ್ಟ ಅಡಿಕೆ ಸಿಪ್ಪೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಕಲ್ಲಾಗಿತ್ತು. ಹೆಡ್ ಎತ್ತಿ ಡೀಸೆಲ್ಲಿಗೆ ಗೇರ್ ಆಯಿಲ್ ಬೆರೆಸಿ ಸುರಿದೆ. ದಿನಾ ಸಂಜೆ ಸುರಿಯುವುದು, ಬೆಳಿಗ್ಗೆ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ಮನೆಯವಳು "ದೇವರಿಗೆ ಇಷ್ಟು ದಿನ ಅಭಿಷೇಕ ಮಾಡಿದ್ರೆ ಪ್ರತ್ಯಕ್ಷ ಆಗ್ತಿದ್ದ" ಎಂದಳು. ಒಂಬತ್ತನೆಯ ಬೆಳಿಗ್ಗೆ ಅದು ಒಂದು ನೂಲು ಸರಿಯಿತು. ಒಂದು ನೂಲೆಂದರೆ ಇಂಚಿನ ಎಂಟನೇ ಒಂದು ಪಾಲು. ಅವತ್ತು ನಾನು ಎರಡು ಲೋಟ ಕಾಫಿ ಕುಡಿದೆ.

ಪೇಟೆಯ ಅಂಗಡಿಯವರು ಕೊಟ್ಟ ಪಿಸ್ಟನ್ ರಿಂಗು ಒಂದು ಸೈಜು ದೊಡ್ಡದು. ಬದಲಿಸಿಕೊಟ್ಟದ್ದು ಒಂದು ಸೈಜು ಸಣ್ಣದು. ಕೊನೆಗೆ ರಾಜಕೋಟೆಯಿಂದಲೇ ಪಾರ್ಸಲ್ ತರಿಸಿದೆ. ಅಲ್ಲಿ ಇವತ್ತಿಗೂ ಈ ಇಂಜಿನ್ನಿನ ಒಂದೊಂದು ನಟ್ಟೂ ಸಿಗುತ್ತದೆ. ಲೇತ್ ಮೇಸ್ತ್ರಿ ಬುಶ್ ಕಡೆದುಕೊಟ್ಟ. ವಾಲ್ವುಗಳನ್ನು ನಾನೇ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಕೈಯಲ್ಲಿ ಕಡಗೋಲು ಹಿಡಿದವನಂತೆ ಅತ್ತಿತ್ತ ತಿರುಗಿಸಿ ಕೂರಿಸಿದೆ. ನಾಜಲ್ ಮಾತ್ರ ಮೇಸ್ತ್ರಿಯ ಕಿವಿಗೇ ಬಿಟ್ಟದ್ದು. ಕೈಯಿಂದ ಗಾಲಿ ತಿರುಗಿಸುವಾಗ ಡೀಸೆಲ್ ಒತ್ತಡಕ್ಕೆ ಅದು 'ಕಿರ್ರ್' ಎನ್ನಬೇಕು. ಎಂದರೆ ಮಂಜಿನಂತೆ ಸಿಂಪಡಿಸುತ್ತಿದೆ ಎಂದರ್ಥ. ಸುಮ್ಮನಿದ್ದರೆ ಉಚ್ಚೆ ಹೊಯ್ದಂತೆ ಬೀಳುತ್ತಿದೆ ಎಂದರ್ಥ. ಮಾತು ಮೇಸ್ತ್ರಿಯದು.

ನಡುವೆ ಒಂದು ರಾತ್ರಿ ಊಟಕ್ಕೆ ಕೂತಾಗ, ಈ ಇಂಜಿನ್ನುಗಳಿಗೆಲ್ಲ ಮೂಲಪುರುಷನಾದ ರುಡಾಲ್ಫ್ ಡೀಸೆಲ್ ಕತೆ ಹೇಳಿದೆ. ಗಾಳಿಯನ್ನು ಗಟ್ಟಿಯಾಗಿ ಒತ್ತಿದರೆ ಅದೇ ಕೆಂಡವಾಗಿ ಎಣ್ಣೆಗೆ ಬೆಂಕಿ ತಗುಲಿಸುತ್ತದೆ ಎಂಬುದನ್ನು ಹಿಡಿದು, 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಇಂಜಿನ್ ಓಡಿಸಿ ತೋರಿಸಿದವನು ಅವನು. 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಅವನ ಇಂಜಿನ್ನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಶೇಂಗಾ ಎಣ್ಣೆಯಲ್ಲಿ ಓಡಿತ್ತು ಎಂದೂ ಸೇರಿಸಿದೆ. ಮರುದಿನ ನೋಡಿದರೆ ಎಣ್ಣೆ ಡಬ್ಬ ಅಟ್ಟಕ್ಕೆ ಏರಿತ್ತು.

ಜೂನ್ ಕೊನೆಯ ವಾರ ಇಂಜಿನ್ನನ್ನು ಮತ್ತಿಮರದ ತೊಲೆಗಳ ಮೇಲೆ ಕೂರಿಸಿದೆವು. ಡ್ರಮ್ಮಿಗೆ ನೀರು ತುಂಬಿ, ಡೀಸೆಲ್ ಪೈಪಿನ ಏರ್ ತೆಗೆದು, ಲಿವರ್ ಎತ್ತಿ ಹ್ಯಾಂಡಲ್ ಹೊಡೆದೆ. ಗಾಲಿ ಭರದಲ್ಲಿ ತಿರುಗುವಾಗ ಲಿವರ್ ಬಿಟ್ಟರೆ ಒಮ್ಮೆ 'ಫುಸ್', ಇನ್ನೊಮ್ಮೆ 'ಫುಸ್'. ಮೂರನೆಯ ಸಲ ಅದು ತಿರುಗಿ ಒದೆಯಿತು. ನಲವತ್ತು ವರ್ಷ ಹ್ಯಾಂಡಲ್ ಮುಟ್ಟದಿದ್ದ ಕೈ ಗೊತ್ತಿಲ್ಲದೆ ಹೆಬ್ಬೆರಳನ್ನು ಹೊರಗೇ ಇಟ್ಟಿತ್ತು. ಮುಂಗೈ ಊದಿತು, ಬೆರಳು ಉಳಿಯಿತು. ನಾಲ್ಕನೆಯದಕ್ಕೆ ಒಂದು ಕಪ್ಪು ಉಂಗುರ ಮಾಡು ಮುಟ್ಟಿತು. ಟುಕ್. ಆಮೇಲೆ ಬಿಟ್ಟು ಬಿಟ್ಟು, ಆಮೇಲೆ ಬಿಡದೆ, ಟುಕ್ ಟುಕ್ ಟುಕ್. ಐದು ನಿಮಿಷದಲ್ಲಿ ಕಣಿವೆಯಾಚೆಯ ತೊಂಬತ್ತರ ಅಜ್ಜಿಯ ಫೋನು: "ಗಿರಣಿ ಶುರುವಾತಾ ಮಾಣಿ? ಅಕ್ಕಿ ಕಳ್ಸ್ಲಾ?"

ಇಂಜಿನ್ ಓಡಿತು, ಆದರೆ ಕರೆಂಟು ಬರಲಿಲ್ಲ. ಗಾಲಿ 24 ಇಂಚು, ಆಲ್ಟರ್ನೇಟರಿನ ಪುಲ್ಲಿ ಹತ್ತೂವರೆ. ಅಲ್ಲಿ 650 ತಿರುಗಿದರೆ ಇಲ್ಲಿ ಹೆಚ್ಚುಕಡಿಮೆ 1500. ಅದಕ್ಕೆ ಸರಿಯಾಗಿ 50 ಹರ್ಟ್ಸ್ ಬರಬೇಕು. ಲೆಕ್ಕವೆಲ್ಲ ಸರಿ, ಮೀಟರಿನ ಮುಳ್ಳು ಮಾತ್ರ ಏಳದು. ಇನ್ವರ್ಟರ್ ರಿಪೇರಿಯ ಹುಡುಗನನ್ನು ಕರೆಸಿದೆ. ಅವನು ಕಾರ್ಬನ್ ಬ್ರಷ್ ಉಜ್ಜಿ, ತಲೆ ಆಡಿಸಿ, "ಒಳಗಿನ ಮ್ಯಾಗ್ನೆಟ್ ಹೋಗಿದೆ ಸರ್. ಬ್ಯಾಟ್ರಿ ತೋರಿಸ್ಬೇಕು" ಎಂದ.

ಕರೆಂಟು ತಯಾರಾಗಲು ಅಯಸ್ಕಾಂತ ಬೇಕು. ಆಲ್ಟರ್ನೇಟರಿನಲ್ಲಿ ಅಯಸ್ಕಾಂತವಾಗುವುದು ತಂತಿ ಸುತ್ತಿದ ಕಬ್ಬಿಣ. ಅದಕ್ಕೆ ಬೇಕಾದ ಕರೆಂಟನ್ನು ತಾನೇ ತಯಾರಿಸಿಕೊಳ್ಳಬೇಕು. ಹಾಗಾದರೆ ಮೊದಲ ಕ್ಷಣಕ್ಕೆ ಏನು ಗತಿ? ಹಿಂದಿನ ದಿನ ಓಡಿದ್ದರ ನೆನಪು ಕಬ್ಬಿಣದಲ್ಲಿ ಚೂರು ಉಳಿದಿರುತ್ತದೆ. ಆ ಚೂರಿನಿಂದ ಚೂರು ಕರೆಂಟು, ಅದರಿಂದ ಇನ್ನಷ್ಟು ಅಯಸ್ಕಾಂತ, ಅದರಿಂದ ಇನ್ನಷ್ಟು ಕರೆಂಟು. ಹೆಪ್ಪು ಹಾಕಲು ನಿನ್ನೆಯ ಮಜ್ಜಿಗೆ ಬೇಕಲ್ಲ, ಹಾಗೆ. ನಮ್ಮ ಆಲ್ಟರ್ನೇಟರಿನ ನಿನ್ನೆ ನಲವತ್ತು ವರ್ಷ ಹಿಂದೆ ಬಿದ್ದುಹೋಗಿತ್ತು. ಪಾತ್ರೆ ತೊಳೆದಿಟ್ಟಂತೆ ಒಳಗೆಲ್ಲ ಖಾಲಿ. ಹುಡುಗ ಜೀಪಿನ 12 ವೋಲ್ಟ್ ಬ್ಯಾಟರಿಯ ತಂತಿಗಳನ್ನು ಹಿಡಿದು ಒಂದು ಗಳಿಗೆ ಸೋಕಿಸಿ ತೆಗೆದ. ಮುಳ್ಳು ನೂರು ದಾಟಿ, ಇನ್ನೂರು ದಾಟಿ, 230ರಲ್ಲಿ ನಿಂತು ನಡುಗತೊಡಗಿತು. ಪಕ್ಕದ ಮನೆಗೆ ಹೋಗಿ ಒಂದು ಚಮಚ ಹೆಪ್ಪು ಇಸಕೊಂಡು ಬಂದಷ್ಟೇ ಕೆಲಸ.

ಜುಲೈಯಲ್ಲಿ ಮರ ಬಿದ್ದು ಮೂರು ದಿನ ಲೈನ್ ಹೋಯಿತು. ಎರಡನೆಯ ದಿನವೇ ಇನ್ವರ್ಟರ್ ಕೂಗಿ ಮಲಗಿತು. ಆರೂವರೆಗೆ ನಾನು ಪಂಚೆ ಎತ್ತಿಕಟ್ಟಿ ಇಂಜಿನ್ ಮನೆಗೆ ನಡೆದೆ. ಮನೆಯೆಲ್ಲ ಬೆಳಗಿತು. ಮನೆಯವಳು ಮಿಕ್ಸಿಯಲ್ಲಿ ಚಟ್ನಿಯನ್ನೂ ರುಬ್ಬಿದಳು. ಇದನ್ನು ನಾನು ಒಪ್ಪಿಗೆಯ ಸಹಿ ಎಂದೇ ತಿಳಿದೆ. ಒಂಬತ್ತಕ್ಕೆ ಅಂಗಳದಲ್ಲಿ ನಿಂತು ಅಪ್ಪಯ್ಯನಂತೆಯೇ ಕೂಗಿ, ಡೀಸೆಲ್ ಬಂದ್ ಮಾಡಿ, ಜಗುಲಿಗೆ ಓಡಿಬಂದು ಬಲ್ಬು ನೋಡುತ್ತಾ ನಿಂತೆ.

ಎಲ್‌ಇಡಿ ಬಲ್ಬು. ಗಾಲಿ ಸೋಲುತ್ತಿದ್ದರೂ ಅದು ಸ್ವಲ್ಪ ಹೊತ್ತು ಏನೂ ಆಗದಂತೆ ಬೆಳಗಿ, ಒಂದೆರಡು ಸಲ ಕಣ್ಣು ಹೊಡೆದು, ಪಟ್ಟನೆ ಕತ್ತಲಾಯಿತು. ಹಳದಿ ಇಲ್ಲ, ಕೆಂಪಿಲ್ಲ. ಏಳು ತಿಂಗಳು ಯಾವುದಕ್ಕಾಗಿ ಒದ್ದಾಡಿದೆ ಎಂದು ನನಗೆ ತಿಳಿದದ್ದು ಆ ಕತ್ತಲಲ್ಲಿ. ಇಂಜಿನ್ನಿನ ಬೆಳಕು ನನಗೆ ಬೇಕಿರಲಿಲ್ಲ. ನಿಲ್ಲಿಸಿದ ಮೇಲೂ ಗಾಲಿಯಲ್ಲಿ ಉಳಿದಿರುತ್ತಿದ್ದ ಬೆಳಕು ಬೇಕಿತ್ತು.

ಮರುದಿನ ದೇವರ ಗೂಡಿನ ಹಿಂದೆ, ಹಳೆ ಪಂಚಾಂಗಗಳ ನಡುವೆ, ಕಾಗದ ಸುತ್ತಿಟ್ಟ 60 ವ್ಯಾಟಿನ ಒಂದು ಗಾಜಿನ ಬಲ್ಬು ಸಿಕ್ಕಿತು. ಅಲುಗಿಸಿ ನೋಡಿದೆ, ಎಳೆ ಗಟ್ಟಿಯಾಗಿತ್ತು. ಆ ರಾತ್ರಿ ಜಗುಲಿಯಲ್ಲಿ ಅದೊಂದನ್ನೇ ಹಾಕಿದೆವು. ನೆರಳುಗಳು ಗೋಡೆಯ ಮೇಲೆ ಉಸಿರಾಡಿದವು. ಒಂಬತ್ತಕ್ಕೆ ಟುಕ್ ಟುಕ್ ನಿಂತಿತು. ಬಲ್ಬು ಹಳದಿಯಾಯಿತು, ಹಣ್ಣಡಿಕೆಯಾಯಿತು, ಕೆಂಡವಾಯಿತು. ಮನೆಯವಳು ಕೈಯಲ್ಲಿ ಹಾಲಿನ ಪಾತ್ರೆ ಹಿಡಿದವಳು ಮುಚ್ಚುವುದನ್ನು ಮರೆತು ನಿಂತಿದ್ದಳು. ಕೊನೆಯ ಕೆಂಪು ಎಳೆಯೂ ಹೋದ ಮೇಲೆ, ಮಳೆಯ ಸದ್ದಿನ ನಡುವೆ ಅವಳ ದನಿ ಕೇಳಿತು: "ಇನ್ನೊಂದು ಸಲ ನಿಲ್ಸಿ ನೋಡುವಾ."

ನಿಲ್ಲಿಸಬೇಕಾದರೆ ಮೊದಲು ಹೊರಡಿಸಬೇಕಲ್ಲ. ಲಾಟೀನು ಹಚ್ಚಿಕೊಂಡು ಅಂಗಳಕ್ಕೆ ಇಳಿದೆ.