ದೀಪದ ಎಣ್ಣೆಯ ಲೆಕ್ಕ

ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಲೈಟಿಂಗ್ ಕಾಂಟ್ರ್ಯಾಕ್ಟ್ ಮಾಡುತ್ತಾನೆ. ಐಟಿಐ ಓದಿದವನು. ತಂತಿ ಹೇಳಿದ ಮಾತು ಕೇಳುತ್ತದೆ, ಕಾಗದ ಕೇಳುವುದಿಲ್ಲ. ಹಾಗಾಗಿ ಅವನ ಕೊಟೇಶನ್, ಬಿಲ್ಲುಗಳನ್ನು ನಾಲ್ಕು ವರ್ಷದಿಂದ ನಾನೇ ಟೈಪ್ ಮಾಡಿಕೊಡುತ್ತಿದ್ದೇನೆ. ನನ್ನ ಪಿಎಚ್‌ಡಿ ವಿಷಯ ಶಾಸನಗಳಲ್ಲಿ ಬರುವ ದೀಪದ ದತ್ತಿಗಳು. ಹಗಲೆಲ್ಲ ಹನ್ನೊಂದನೇ ಶತಮಾನದ ದೀಪಕ್ಕೆ ದುಡ್ಡು ಕೊಟ್ಟವರು ಯಾರು ಎಂದು ಹುಡುಕುತ್ತೇನೆ, ರಾತ್ರಿ ಇಂದಿರಾನಗರದ ದೀಪಕ್ಕೆ ದುಡ್ಡು ಕೊಡಬೇಕಾದವರು ಯಾರು ಎಂದು ಟೈಪ್ ಮಾಡುತ್ತೇನೆ. ಇವೆರಡೂ ಒಂದೇ ಕೆಲಸ ಅಂತ ನನಗೆ ಹೊಳೆದದ್ದು ಒಂದು ತಾರಸಿ ಬಾರಿನ ಲೆಕ್ಕ ಬರೆಯುವಾಗ.

ಅದು ಸಿಕ್ಸ್ಟಿ ಫಾರ್ಟಿ ಸೈಟಿನ ಕಟ್ಟಡ, ನಾಲ್ಕನೇ ಮಹಡಿಯ ಮೇಲಿನ ತಾರಸಿ. ಮಾಲೀಕರು ಇಬ್ಬರು, ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಫೋನಿನಲ್ಲಿ ಫೋಟೊ ತೋರಿಸಿ "ಹೀಗೆ ಕಾಣಬೇಕು" ಎಂದರು. ಬೆಳಕು ಎಂದರೆ ಅವರಿಗೆ ಕಾಣಿಸುವ ವಸ್ತು. ಅಣ್ಣನಿಗೆ ಬೆಳಕು ಬೇರೆಯದನ್ನು ಕಾಣಿಸುವ ವಸ್ತು. ಅವನು ಮೊದಲು ಕೇಳಿದ್ದು ಮೆಟ್ಟಿಲು ಎಲ್ಲಿ, ಟಾಯ್ಲೆಟ್ ಎಲ್ಲಿ, ಕರೆಂಟ್ ಹೋದರೆ ಜನ ಯಾವ ಕಡೆ ಇಳಿಯುತ್ತಾರೆ ಎಂದು. 2017ರ ಡಿಸೆಂಬರಿನಲ್ಲಿ ಮುಂಬೈನ ಕಮಲಾ ಮಿಲ್ಸ್‌ನ ತಾರಸಿ ಪಬ್ಬಿನಲ್ಲಿ ಬೆಂಕಿ ಹತ್ತಿ 14 ಜನ ಸತ್ತ ಮೇಲೆ, ಯಾವ ತಾರಸಿ ಹತ್ತಿದರೂ ಅವನು ಮೊದಲು ನೋಡುವುದು ಇಳಿಯುವ ದಾರಿಯನ್ನು.

ಆಮೇಲೆ ಬಣ್ಣ. ಆಸ್ಪತ್ರೆಯ ಹಾಗೆ ಬೆಳ್ಳಗೆ ಹೊಳೆಯುವುದು 6500 ಕೆಲ್ವಿನ್, ಹಳೆಯ ಬಲ್ಬಿನ ಹಾಗೆ ಹಳದಿ ಸುರಿಸುವುದು 2700. ಕುಡಿಯಲು ಕೂತವರಿಗೆ 2700ಕ್ಕಿಂತ ಮೇಲೆ ಹೋಗಬಾರದು ಎನ್ನುತ್ತಾನೆ ಅಣ್ಣ. ನೆತ್ತಿಯ ಮೇಲಿಂದ ಬಿದ್ದ ಬೆಳಕು ಕಣ್ಣಿನ ಕೆಳಗೆ ಗುಳಿ ತೋಡುತ್ತದೆ, ಎಂಥ ಚೆಲುವೆಯೂ ದಣಿದವಳಂತೆ ಕಾಣುತ್ತಾಳೆ. ಮೇಜಿನ ಮಟ್ಟದಲ್ಲಿ ಒಂದು ಸಣ್ಣ ದೀಪ ಇಟ್ಟರೆ ಎದುರಿಗಿದ್ದವರ ಮುಖ ಮಾತಾಡಿಸಬೇಕು ಅನ್ನಿಸುವಂತಾಗುತ್ತದೆ.

ಪ್ಯಾರಪೆಟ್ ಕೆಳಗೆ ಸುತ್ತಲೂ ಸ್ಟ್ರಿಪ್ ಲೈಟ್: 200 ಅಡಿ, ಅಂದರೆ ಸುಮಾರು 60 ಮೀಟರ್. ಮೀಟರಿಗೆ 14 ವ್ಯಾಟ್ ಹಿಡಿದರೆ 840 ವ್ಯಾಟ್. ಇದು 24 ವೋಲ್ಟಿನ ಸಾಮಾನು. ಒಂದೇ ತುದಿಯಿಂದ ಕರೆಂಟ್ ಕೊಟ್ಟರೆ ಇನ್ನೊಂದು ತುದಿ ತಲುಪುವಷ್ಟರಲ್ಲಿ ಸೋತು ಮಂಕಾಗುತ್ತದೆ. ಹಾಗಾಗಿ ಹತ್ತು ಮೀಟರಿಗೊಂದರಂತೆ 200 ವ್ಯಾಟಿನ ಆರು ಡ್ರೈವರ್. ಅವುಗಳಿಗೆ ಮಳೆ ತಡೆಯುವ ಡಬ್ಬಿ, ತಂತಿಗೆ ಪೈಪು, ಸೋರಿದ ಕರೆಂಟ್ ಹಿಡಿದು ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ. ಕೊನೆಯ ಸಾಲು, ವರ್ಷದ ನಿರ್ವಹಣೆ. ತಿಂಗಳಿಗೊಮ್ಮೆ ಹೆಲ್ಪರ್ ಹೋಗಿ ನೋಡಿಕೊಂಡು ಬರುವುದಕ್ಕೆ.

ಕೊಟೇಶನ್ ವಾಪಸು ಬಂದಾಗ ಯಾವ ಸಾಲುಗಳ ಮೇಲೆ ಗೆರೆ ಬಿದ್ದಿತ್ತು ಎನ್ನುವುದೇ ನನಗೆ ಮುಖ್ಯವಾಗಿ ಕಂಡಿತು. ತೂಗುವ ಬಲ್ಬುಗಳು ಹಾಗೇ ಇದ್ದವು. ಹೆಸರಿನ ನಿಯಾನ್ ಬೋರ್ಡ್ ಇನ್ನಷ್ಟು ದೊಡ್ಡದಾಗಿತ್ತು. ಹೋದದ್ದು ಪೈಪು, ಡಬ್ಬಿ, ಆರ್‌ಸಿಸಿಬಿ, ನಿರ್ವಹಣೆ. ಫೋಟೊದಲ್ಲಿ ಕಾಣದ್ದೆಲ್ಲ ಹೋಗಿತ್ತು.

ಅದೇ ವಾರ ನಾನು ಚೋಳರ ಕಾಲದ ತಮಿಳು ಶಾಸನಗಳ ಟಿಪ್ಪಣಿ ಮಾಡುತ್ತಿದ್ದೆ. ಅಲ್ಲಿ ಒಂದು ನಂದಾದೀಪಕ್ಕೆ ಬಹಳ ಸಲ 96 ಕುರಿ ಕೊಟ್ಟ ಉಲ್ಲೇಖ ಸಿಗುತ್ತದೆ. ಅವುಗಳಿಗೆ 'ಸಾಯದ, ಮುಪ್ಪಾಗದ' ಕುರಿಗಳು ಎಂದು ಹೆಸರು. ಪವಾಡವೇನಲ್ಲ. ಕುರಿಗಳನ್ನು ವಹಿಸಿಕೊಂಡವನು ಸತ್ತ ಕುರಿಯ ಜಾಗಕ್ಕೆ ಮರಿ ಸೇರಿಸಿ ಮಂದೆಯ ಲೆಕ್ಕ ಕಾಯ್ದುಕೊಳ್ಳಬೇಕು, ದಿನವೂ ಗೊತ್ತಾದ ಅಳತೆಯ ತುಪ್ಪ ದೇವಸ್ಥಾನಕ್ಕೆ ಮುಟ್ಟಿಸಬೇಕು. ನಮ್ಮ ಕನ್ನಡ ಶಾಸನಗಳ ನಂದಾದೀವಿಗೆಯದೂ ಇದೇ ಬುದ್ಧಿ. ಯಾರೋ ಗದ್ಯಾಣ ಕೊಡುತ್ತಾರೆ, ಅಸಲು ಮುಟ್ಟದೆ ಬಡ್ಡಿಯಲ್ಲಿ ಎಣ್ಣೆ ಬರಬೇಕು. ಇನ್ನೆಲ್ಲೋ ತೆಲ್ಲಿಗರು ತಮ್ಮ ಗಾಣಗಳಿಂದ ಇಷ್ಟಿಷ್ಟು ಎಣ್ಣೆ ಎಂದು ಒಪ್ಪಿಕೊಳ್ಳುತ್ತಾರೆ. ಕೊನೆಗೆ, ಈ ದತ್ತಿ ಕೆಡಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂಬ ಶಾಪ. ದೀಪದ ಖರ್ಚು ಕಂಬದಲ್ಲಿಲ್ಲ, ನಾಳೆಯ ಎಣ್ಣೆಯಲ್ಲಿದೆ ಎನ್ನುವುದು ಅವರಿಗೆ ಗೊತ್ತಿತ್ತು.

ಇದನ್ನು ಹೇಳಿದಾಗ ಅಣ್ಣ ನಕ್ಕ. "ಆ ಕಾಲದೋರಿಗೂ ಎಎಂಸಿ ಗೊತ್ತಿತ್ತು ಕಣಮ್ಮ. ಇವರಿಗೆ ಗೊತ್ತಿರೋದು ಬೇರೆ ಎಣ್ಣೆ" ಎಂದ. ಶಾಪದ ಸಾಲನ್ನು ನಮ್ಮ ಕೊಟೇಶನ್ನಿಗೂ ಸೇರಿಸು ಎಂದ.

ಕೊನೆಗೆ ಒಪ್ಪಿಗೆಯಾದದ್ದು 3,80,000 ರೂಪಾಯಿಗೆ. ಅರ್ಧ ಮುಂಗಡ, 40 ಪರ್ಸೆಂಟ್ ಕೆಲಸ ಮುಗಿದಾಗ, ಉಳಿದ 10 ಪರ್ಸೆಂಟ್ ತಿಂಗಳು ಬಿಟ್ಟು. ಈ ಕೊನೆಯ 38,000ವೇ ಅಣ್ಣನ ಲಾಭ, ಹೆಲ್ಪರ್ ಹುಡುಗರ ಬಾಕಿ ಕೂಲಿ. ಮುಂಗಡವೆಲ್ಲ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲೇ ಇಳಿದುಹೋಗುತ್ತದೆ. ಆರ್‌ಸಿಸಿಬಿಯನ್ನು ಮಾತ್ರ ಅಣ್ಣ ತನ್ನ ಕೈಯಿಂದಲೇ ಹಾಕಿದ, ಮೂರು ಸಾವಿರ ಚಿಲ್ಲರೆ. ಯಾಕೆ ಎಂದು ಕೇಳಿದ್ದಕ್ಕೆ, "ನಾನು ಎಳೆದ ಲೈನು" ಎಂದಷ್ಟೇ ಹೇಳಿದ.

ಮೇ ತಿಂಗಳ ಒಂದು ಶನಿವಾರ, ಬೆಂಗಳೂರಿನ ಆ ಅಡ್ಡ ಮಳೆ. ರಾತ್ರಿ ಒಂಬತ್ತೂವರೆಗೆ ಫೋನ್ ಬಂತು: ಅರ್ಧ ತಾರಸಿ ಕತ್ತಲು, ಮೇಲೆತ್ತಿದ ಸ್ವಿಚ್ ನಿಲ್ಲುತ್ತಿಲ್ಲ, ಗಿರಾಕಿಗಳು ಎದ್ದು ಹೋಗುತ್ತಿದ್ದಾರೆ, ನಿಮ್ಮ ಕೆಲಸ ಸರಿಯಿಲ್ಲ. ಅಣ್ಣ ಹೆಲ್ಪರನ್ನು ಕರೆದುಕೊಂಡು ಹೋದ. ಡಬ್ಬಿಯಿಲ್ಲದೆ ಕೌಂಟರಿನ ಹಿಂದೆ ಕೂರಿಸಿದ್ದ ಡ್ರೈವರಿನ 230 ವೋಲ್ಟಿನ ಜಾಯಿಂಟಿಗೇ ನೀರು ಇಳಿದಿತ್ತು. ಪಕ್ಕದಲ್ಲಿ ಸ್ಟೀಲಿನ ಸಿಂಕು. ಅಲ್ಲಿ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗನೊಬ್ಬ ರಾತ್ರಿಯಿಡೀ ಒದ್ದೆ ಕೈಯಲ್ಲಿ ಗ್ಲಾಸು ತೊಳೆಯುತ್ತಾನೆ. ಆರ್‌ಸಿಸಿಬಿ ತನ್ನ ಕೆಲಸ ಮಾಡಿ ಲೈನ್ ಕಡಿದಿತ್ತು. ಮಾಲೀಕರ ದೂರೂ ಅದರ ಮೇಲೆಯೇ: ಅದನ್ನು ತೆಗೆದುಬಿಡಿ, ದೀಪ ಹತ್ತಲಿ.

ಅಣ್ಣ ತೆಗೆಯಲಿಲ್ಲ. ನೀರು ಹೊಕ್ಕ ಡ್ರೈವರುಗಳನ್ನು ಬಿಚ್ಚಿಟ್ಟು, ಉಳಿದ ಅರ್ಧಕ್ಕೆ ದೀಪ ಕೊಟ್ಟು ಬಂದ. 38,000 ನಿಂತಿತು.

ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆಯಡಿ ನೋಂದಾಯಿತ ಸಣ್ಣ ಪೂರೈಕೆದಾರರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾನು ಓದಿ ಹೇಳಿದೆ. "ಕೇಸು ಹಾಕಿದವನಿಗೆ ಇನ್ನೊಂದು ತಾರಸಿ ಯಾರಮ್ಮ ಕೊಡ್ತಾರೆ?" ಎಂದ. ಆರು ತಿಂಗಳಿಂದ ಬಾರದ ಫೆಲೋಶಿಪ್ಪಿಗಾಗಿ ವಿನಯದ ಇಮೇಲುಗಳನ್ನಷ್ಟೇ ಬರೆಯುತ್ತಿದ್ದ ನನಗೆ ಈ ಲೆಕ್ಕ ಅರ್ಥವಾಗದ್ದೇನಲ್ಲ. ಎರಡು ತಿಂಗಳ ನಂತರ 25,000 ಬಂತು. ಉಳಿದ 13,000ಕ್ಕೆ 'ಸೆಟಲ್' ಎಂಬ ಒಂದು ಪದ ಬಂತು. ಹುಡುಗರ ಕೂಲಿಯನ್ನು ಅಣ್ಣ ಅಷ್ಟರೊಳಗೆ ಸಾಲ ಮಾಡಿ ಕೊಟ್ಟಾಗಿತ್ತು.

ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನಾನು ಓದಿದ ದೀಪದ ಶಾಸನಗಳಲ್ಲಿ ದಾನಿಯ ಹೆಸರಿದೆ, ದೇವರ ಹೆಸರಿದೆ, ಸಾಕ್ಷಿಗಳ ಹೆಸರಿದೆ. ಬೆಳಗಿನ ಜಾವ ಎದ್ದು ಬತ್ತಿಯ ಕರಕಲು ತೆಗೆದವನ ಹೆಸರು ನನಗಿನ್ನೂ ಸಿಕ್ಕಿಲ್ಲ. ಆದರೆ ದೀಪ ಉರಿಯುತ್ತಿರಲು ದಿನವೂ ಯಾರೋ ಏನೋ ಕೊಡಬೇಕು ಎಂಬುದನ್ನು ಅವರು ಕಲ್ಲಿನಲ್ಲಿ ಬರೆದರು. ಯಾರೂ ಅದರ ಮೇಲೆ ಗೆರೆ ಎಳೆಯಲಾಗದಂತೆ ಬರೆದರು.

ಈಗ ಅಣ್ಣನ ಕೊಟೇಶನ್ನಿನಲ್ಲಿ ಎರಡು ಭಾಗ ಮಾಡಿದ್ದೇನೆ. ಮೊದಲನೆಯದರಲ್ಲಿ ಬಲ್ಬು, ಬೋರ್ಡು, ಸ್ಟ್ರಿಪ್. ಬೇಕಾದಷ್ಟು ಚೌಕಾಸಿ ಮಾಡಬಹುದು. ಎರಡನೆಯದರಲ್ಲಿ ಪೈಪು, ಡಬ್ಬಿ, ಆರ್‌ಸಿಸಿಬಿ, ಮೆಟ್ಟಿಲಿನ ಬ್ಯಾಟರಿ ದೀಪ, ತಿಂಗಳ ನಿರ್ವಹಣೆ, ಹೆಲ್ಪರನ ದಿನಗೂಲಿ. ಅದರ ಕೆಳಗೆ ಒಂದು ಸಾಲು: 'ಈ ಭಾಗವನ್ನು ಕಡಿತಗೊಳಿಸಿದರೆ ಕೆಲಸ ವಹಿಸಿಕೊಳ್ಳುವುದಿಲ್ಲ.' ಶಾಪಕ್ಕಿಂತ ಮೆತ್ತಗಿದೆ ಎಂದು ಅಣ್ಣನ ಆಕ್ಷೇಪ. ಈ ಸಾಲಿನಿಂದ ಈಗಾಗಲೇ ಒಂದು ಕೆಲಸ ಕೈತಪ್ಪಿದೆ, ಒಂದು ಸಿಕ್ಕಿದೆ. ಸಿಕ್ಕಿದ್ದು ಕೋರಮಂಗಲದಲ್ಲಿ. ನಾಳೆ ಅಳತೆಗೆ ಹೋಗುತ್ತಾನಂತೆ.